ಹೊಂಬಳ ಬಾಯಾರ ಗೆರಿ

ನಾ ಟ್ರೇಸರ್. ಇಪ್ಪತ್ತಾರು ವರ್ಷ
ಅವರ ಪೆನ್ಸಿಲ್ ಗೆರಿ ಮ್ಯಾಲ ಮಸಿ ಗೆರಿ ಎಳದಾಂವ.
ಹುಬ್ಬಳ್ಳಿ ಸ್ಟೇಶನ್ ರೋಡು, ಕೆಳಗ ಹತ್ತಿ ದಲಾಲರ ಅಂಗಡಿ,
ಮ್ಯಾಲ ನಮ್ಮ ಆಫೀಸು.
ಗಾಳಿ ಬೀಸಿದ್ರ ಹತ್ತಿ ಎಳಿ ಹಾರಿಬಂದು
ಹಸಿ ಮಸಿಗೆ ಅಂಟತಿದ್ದುವು.
ಎಷ್ಟೋ ಗ್ವಾಡಿಗಳಿಗೆ ನಕಾಶೆಯೊಳಗಽ ಮೀಸಿ ಬಂದಿದ್ದುವು.

ಮಂದಾಕಿನಿ ಹೊಂಬಳ, ಆರ್ಕಿಟೆಕ್ಟ್.
ಬೋರ್ಡ್ ಬರಿಯಾಂವ 'ಆರ್ಟಿಸ್ಟ್' ಅಂತ ಬರದಿದ್ದ.
ತಿದ್ದಲಿಕ್ಕೆ ಮತ್ತೆರಡು ರೂಪಾಯಿ ಕೇಳಿದ್ದಕ್ಕ
ಆರು ತಿಂಗಳ ಹಂಗಽ ಬಿಟ್ಟಿದ್ರು.

ಮುಂಬಯಿಯೊಳಗ ಐದು ವರ್ಷ ಕಲತು
ಪುಣೆಯೊಳಗ ಸಣ್ಣ ಗಾಡಿ ಹತ್ತಿ
ಬಗಲಾಗ ಟಿ-ಸ್ಕ್ವೇರ್ ಹಿಡಕೊಂಡು ಇಳದಾಗ
ಟಾಂಗಾದಾಂವ ಕೇಳಿದ್ನಂತ:
'ಏನ್ರಿ ಅಕ್ಕಾರ, ಮಗ್ಗದ್ದೇನ ಅದು?'
ಹೌದು ಅಂದ್ರಂತ. ಅವರವ್ವನ ತವರು ಬೆಟಗೇರಿ.

ಮೊದಲನೇ ಕೆಲಸ ಧಾರವಾಡದ ಹುಡಿಗ್ಯಾರ ಹಾಸ್ಟೆಲ್.
ಕಮಿಟಿಯವರು ಕಮಾನು ಕೇಳಿದ್ರು, ಗುಮ್ಮಟ ಕೇಳಿದ್ರು,
ಒಬ್ಬಾಂವ 'ಬಾಗಲಿಗೆ ಎರಡು ಸಿಂಹ ಆದ್ರೂ ಇರ್ಲಿ' ಅಂದ.
ಬಾಯಾರು ಒಂದು ಉದ್ದನ ಗೆರಿ ಎಳದು ಸುಮ್ಮನ ಕುಂತ್ರು.
'ಛತ್ತ ಎಲ್ಲಿ?'
'ಇದಽ ಛತ್ತ.'
'ಇಷ್ಟು ಚಪಾಟ? ಪರದೇಶದ್ದೇನು?'
'ನಿಮ್ಮಜ್ಜಿ ಮೆಣಸಿನಕಾಯಿ ಎಲ್ಲಿ ಒಣಗಸತಿದ್ಲು?'
'ಮಾಳಗಿ ಮ್ಯಾಲ.'
'ಅದು ಯಾವ ದೇಶದ್ದು?'
ಅಧ್ಯಕ್ಷರು ಮೂಗಿಗೆ ನಶ್ಯೆ ಏರಿಸಿದ್ರು. ಪಾಸಾತು.

ಅವರ ಖರೇ ಜಗಳ ಮಂದಿ ಕೂಡ ಅಲ್ಲ, ಎರಿ ಮಣ್ಣಿನ ಕೂಡ.
ಬ್ಯಾಸಗಿಯೊಳಗ ಕೈ ಹೋಗೂವಷ್ಟು ಬಿರೀತೈತಿ,
ಮಳಿಗೆ ಬಸರಿ ಹಂಗ ಉಬ್ಬತೈತಿ,
ಗ್ವಾಡಿ ಮೂಲಿಯಿಂದ ಮೂಲಿಗೆ ಸೀಳತೈತಿ.
ಗದಗಿನ ಹೆರಿಗಿ ಆಸ್ಪತ್ರೆಗೆ ಪಾಯಾ ತೋಡಿಸಿದಾಗ
ಹನ್ನೊಂದು ಫೂಟಿಗೂ ಗರಸು ಹತ್ತಲಿಲ್ಲ.
ಕಚ್ಚಿ ಹಾಕಿ ತಾವಽ ತಗ್ಗಿನೊಳಗ ಇಳದ್ರು,
ಒಂದು ಹೆಂಟಿ ಮುರದು ನಾಲಿಗಿಗೆ ಹಚ್ಚಿ ನೋಡಿದ್ರು.
ಗೌಂಡಿ ಹುಸೇನಸಾಬ ಆವತ್ತಿನಿಂದ
'ಎಂಜಿನಿಯರ್ ಸಾಹೇಬ್ರು ಯಾವಾಗ ಬರ್ತಾರ'
ಅಂತ ಕೇಳೋದು ಬಿಟ್ಟ.

ಉದ್ಘಾಟನಾ ಕಲ್ಲಿನ ಮ್ಯಾಲ ಮಂತ್ರಿ ಹೆಸರು,
ಕಮಿಟಿ ಹೆಸರು, ಗುತ್ತಿಗೆದಾರನ ಹೆಸರು.
ಬಾಯಾರು ಕಡೀ ಸಾಲಿನ ಕುರ್ಚಿಯೊಳಗ ಕೂತು
ಗಡಿಯಾರ ನೋಡತಿದ್ರು, ನೆಲಾ ನೋಡತಿದ್ರು:
ಜಾಳಿಯೊಳಗಿನ ಬಿಸಲು ಹತ್ತೂವರಿಗೆ
ಬಾಣಂತ್ಯಾರ ಮಂಚದ ಕಾಲಿಗೆ ಮುಟ್ಟತದೋ ಇಲ್ಲೋ.
ಎಂಟು ನಿಮಿಷ ತಡಾ ಆತು.
ರಾತ್ರಿ ಊಟ ಮಾಡಲಿಲ್ಲ.

ಮದಿವಿ? ನಾ ಕೇಳಲಿಲ್ಲ, ಅವರು ಹೇಳಲಿಲ್ಲ.
ತಮಗಂತ ಒಂದು ಮನೀನೂ ಕಟ್ಟಕೊಳ್ಳಲಿಲ್ಲ.
ವಿದ್ಯಾನಗರದ ಬಾಡಿಗಿ ಖೋಲಿಯ ಕಿಟಕಿ
ತಪ್ಪ ದಿಕ್ಕಿಗೆ ಐತಿ ಅಂತ ಬೈಕೋತ, ಬೈಕೋತ
ಅದಽ ಕಿಟಕಿ ಮುಂದ ಮುದುಕಿ ಆದ್ರು.

ಹೋದ ವರ್ಷ ಹಾಸ್ಟೆಲ್ ಕೆಡವಿದ್ರು, ರಸ್ತೆ ಅಗಲ ಮಾಡಲಿಕ್ಕೆ.
ನಾ ಹೋಗಿ ನಿಂತಿದ್ದೆ. ಜೇಸಿಬಿ ಹುಡುಗ ಬೆವರು ಒರಸಕೊಂಡು ಅಂದ:
'ಏನ್ ಕಟ್ಟ್ಯಾರ್ರೀ ಅಜ್ಜಾರ, ಮೂರು ಹಲ್ಲು ಮುರದುವು.'
ಬಾಯಾರಿಗೆ ಆದ ಶೋಕಸಭಾ ಅದೊಂದಽ.

ಆಮ್ಯಾಲೆ ಬಸ್ ಹತ್ತಿ ಬೆಟಗೇರಿಗೆ ಹೋದೆ.
ನೇಕಾರ ಸೊಸಾಯಿಟಿ ಶೆಡ್ ಇನ್ನೂ ಐತಿ.
ಗರಗಸದ ಹಲ್ಲಿನಂಥಾ ಛತ್ತ, ಹಲ್ಲಿಗೊಂದು ಬೆಳಕಿಂಡಿ,
ಎಲ್ಲಾ ಉತ್ತರಕ್ಕ ಮುಖಾ ಮಾಡಿ.
ಹದಿನಾಲ್ಕು ಮಗ್ಗದಾಗ ಐದು ನಡೀತಾವು.
ಸೆರಗು ನೇಯತಿದ್ದ ಹೆಣ್ಣಮಗಳು ತಲಿ ಎತ್ತದಽ ಹೇಳಿದ್ಲು:
'ಯಾರ ಕಟ್ಟಿದ್ರೋ ಏನೋ ಯಪ್ಪಾ,
ಸಂಜಿ ಐದಕ್ಕೂ ಕೆಂಪು ಬ್ಯಾರೆ, ಕಿರಮಂಜಿ ಬ್ಯಾರೆ ಕಾಣತೈತಿ.
ಕರೆಂಟ್ ಹೋದ್ರೂ ಲಾಳಿ ನಿಲ್ಲೂದಿಲ್ಲ.'
ಜರಾ ತಡದು:
'ಮಳಿ ಬಂದ್ರ ಮಾತ್ರ ಸೋರತೈತಿ ನೋಡ್ರಿ.'

ನನಗ ಗೊತ್ತಿತ್ತು. ಆ ಮೂಲಿ ಟ್ರೇಸ್ ಮಾಡೂ ಮುಂದ
'ಬಾಯಾರ, ಇಲ್ಲಿ ನೀರು ನಿಲ್ಲತೈತಿ' ಅಂದಿದ್ದೆ.
ಅವರು ರಬ್ಬರ್ ತಗೊಂಡ್ರು,
ಒಂದಿಷ್ಟು ಹೊತ್ತು ಬಳ್ಳಾಗ ಹಿಡದು, ಕೆಳಗಿಟ್ರು:
'ಬೆಳಕು ಬರೂ ದಾರಿಯೊಳಗ ನೀರೂ ಬರ್ತದ, ಪರಸಪ್ಪ.
ಒಂದು ಬಕೆಟ್ ಇಡಲಿಕ್ಕೆ ಜಾಗಾ ಬಿಡು.'

ಬಿಟ್ಟಿದ್ದೆ.
ಬಕೆಟ್ ಅಲ್ಲೇ ಇತ್ತು.